ಹೆಸರು ಬರೆಸಲಾಗದ ಬಾಗಿಲು

ನಾನು ಮುಖ್ಯೋಪಾಧ್ಯಾಯಿನಿಯಾಗಿದ್ದ ಸರ್ಕಾರಿ ಶಾಲೆಯಲ್ಲಿ ಕರೆಂಟು ಹೋದಾಗ ಫ್ಯಾನುಗಳನ್ನು ಓದಬಹುದಾಗಿತ್ತು. ಒಂದು ರೆಕ್ಕೆಯ ಮೇಲೆ ದಾನಿಯ ಹೆಸರು, ಇನ್ನೊಂದರ ಮೇಲೆ ದಾನಿಯ ತಂದೆಯ ಹೆಸರು, ಮೂರನೆಯದರ ಮೇಲೆ ‘ಸ್ಮರಣಾರ್ಥ’ ಎಂಬ ಮಾತು. ಗೋಡೆ ಗಡಿಯಾರದ ಮೇಲೆ ಹೆಸರು, ಕಪಾಟಿನ ಮೇಲೆ ಹೆಸರು, ಬೆಂಚುಗಳ ಬೆನ್ನಿಗೆ ಹೆಸರು. ಬಿಸಿಯೂಟದ ತಟ್ಟೆಗಳ ತಳದಲ್ಲೂ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು. ಮಕ್ಕಳು ಸಾರನ್ನವನ್ನು ಬಳಿದು ತಿಂದ ಮೇಲೆ ಅದು ಕಾಣಿಸುತ್ತಿತ್ತು. ಒಂದನೇ ತರಗತಿಗೆ ಅಕ್ಷರ ಕಲಿಸಲು ಬೇರೆ ಪಟವೇ ಬೇಕಿರಲಿಲ್ಲ. ಇಡೀ ಶಾಲೆಯಲ್ಲಿ ಹೆಸರಿಲ್ಲದೆ ಉಳಿದಿದ್ದದ್ದು ಹೆಣ್ಣುಮಕ್ಕಳ ಶೌಚಾಲಯ ಒಂದೇ. ಅದಕ್ಕೆ ಬಾಗಿಲೂ ಇರಲಿಲ್ಲ.

ಊರು ನವಲಗುಂದ ತಾಲ್ಲೂಕಿನದು, ಅಪ್ಪಟ ಎರೆಭೂಮಿ. ಬೇಸಿಗೆಯಲ್ಲಿ ನೆಲ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಇದು ಅಲ್ಲಿನ ಎತ್ತುಗಳಿಗೂ ಗೊತ್ತಿರುವ ಸಂಗತಿ, ಶೌಚಾಲಯದ ನಕ್ಷೆ ಬರೆದವರಿಗೆ ಮಾತ್ರ ಗೊತ್ತಿರಲಿಲ್ಲ. ಕಟ್ಟಿದ ಎರಡನೇ ವರ್ಷಕ್ಕೇ ಗೋಡೆ ಸೀಳಿ, ಚೌಕಟ್ಟು ಸೊಟ್ಟಗಾಗಿ, ಬಾಗಿಲು ಮುಚ್ಚದಾಯಿತಂತೆ. ಮುಚ್ಚದ ಬಾಗಿಲನ್ನು ಯಾರೋ ರಿಪೇರಿಗೆಂದು ಬಿಚ್ಚಿದರು. ಬಿಚ್ಚಿದ್ದು ಯಾರದೋ ದನದ ಮನೆಗೆ ಸೇರಿಕೊಂಡಿತು. ನಾನು ಆ ಶಾಲೆಗೆ ವರ್ಗವಾಗಿ ಬರುವ ಹೊತ್ತಿಗೆ ಇದೆಲ್ಲ ಹಳೆಯ ಕಥೆಯಾಗಿ, ಕೇಳಿದವರೆಲ್ಲ ನಗುತ್ತ ಹೇಳುವಷ್ಟು ಸವೆದುಹೋಗಿತ್ತು.

ನಾನು ದಿನಾ ಹುಬ್ಬಳ್ಳಿಯಿಂದ ಬಸ್ಸಿಗೆ ಹೋಗಿ ಬರುತ್ತಿದ್ದೆ. ನನ್ನ ಇಬ್ಬರು ಮಕ್ಕಳ ಶಾಲೆಯ ವ್ಯಾನು ಬಾಗಿಲಿಗೆ ಬಂದು ಅವರನ್ನು ಕರೆದುಕೊಂಡು ಹೋದ ಮೇಲೆ ಬೀಗ ಹಾಕಿಕೊಂಡು ಓಡುತ್ತಿದ್ದೆ. ಹೋದ ಮೊದಲ ವಾರವೇ ಬಾಗಿಲಿಗಾಗಿ ಅರ್ಜಿ ಬರೆದೆ. ಪಂಚಾಯಿತಿಗೆ ಬರೆದರೆ ಶಿಕ್ಷಣ ಇಲಾಖೆಯ ಕೆಲಸ ಎಂದರು. ಇಲಾಖೆಗೆ ಬರೆದರೆ ಪಂಚಾಯಿತಿಯ ಕಾಮಗಾರಿ ಎಂದರು. ಒಬ್ಬರು ಬಂದು ಫೋಟೋ ತೆಗೆದುಕೊಂಡು ಹೋದರು. ವರದಿಯಲ್ಲಿ ‘ಶೌಚಾಲಯ ಇದೆ’ ಎನ್ನುವಲ್ಲಿ ಗುರುತು ಬಿತ್ತು. ಬಾಗಿಲು ಇದೆಯೋ ಇಲ್ಲವೋ ಎಂದು ಕೇಳುವ ಕಾಲಮ್ಮೇ ಆ ಫಾರ್ಮಿನಲ್ಲಿ ಇರಲಿಲ್ಲ. ಹೀಗೆ ಏಳು ವರ್ಷ. ನನ್ನ ಅರ್ಜಿಗಳ ಫೈಲು ದಪ್ಪವಾಗಿ ದಾರ ಕಟ್ಟಲು ಬಾರದಂತಾಯಿತು.

ದಾನಿಗಳನ್ನೂ ಕೇಳಿದೆ. ಆ ಊರಿನವರೇ ಆಗಿ ಅಣ್ಣಿಗೇರಿಯಲ್ಲಿ ಅಂಗಡಿ ಇಟ್ಟಿದ್ದ ಒಬ್ಬರು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಬಹಳ ಸಂಕಟದಿಂದ ಹೇಳಿದರು: “ಅಕ್ಕೋರ, ಸಂಡಾಸದ ಬಾಗಲಕ್ಕ ಹೆಂಗ ಹೆಸರು ಬರಸೂದ್ರಿ? ನಮ್ಮಪ್ಪನ ಹೆಸರರಿ ಅದು. ಬೇಕಾದ್ರ ಇನ್ನೊಂದು ಫ್ಯಾನ್ ಕೊಡ್ತೀನಿ, ತಗೊಳ್ರಿ.”

ಕೊಟ್ಟೇಬಿಟ್ಟರು. ಅದನ್ನು ಹಾಕಲು ಜಾಗವಿಲ್ಲದೆ ನನ್ನ ಆಫೀಸು ಕೋಣೆಯಲ್ಲಿ ಎರಡು ಫ್ಯಾನು ಅಕ್ಕಪಕ್ಕ ತಿರುಗುತ್ತಿದ್ದವು.

ಹೆಣ್ಣುಮಕ್ಕಳು ಏನು ಮಾಡುತ್ತಿದ್ದರು? ಸಣ್ಣವರು ಶಾಲೆಯ ಹಿಂದಿನ ಜಾಲಿ ಕಂಟಿಗಳ ಮರೆಗೆ ಹೋಗುತ್ತಿದ್ದರು. ಆರು, ಏಳನೇ ತರಗತಿಯವರು ಹೋಗುತ್ತಿರಲಿಲ್ಲ. ಅವರು ಬೆಳಗಿನಿಂದ ನೀರನ್ನೇ ಕುಡಿಯುತ್ತಿರಲಿಲ್ಲ. ಏಳನೇ ತರಗತಿಯಲ್ಲಿ ದಲಿತ ಕೇರಿಯ ಒಬ್ಬ ಹುಡುಗಿ ಇದ್ದಳು. ಲೆಕ್ಕದಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ತಿಂಗಳಿಗೆ ಐದು ದಿನ ತಪ್ಪದೆ ಗೈರು. ರಜಾ ಚೀಟಿಯಲ್ಲಿ ‘ಹೊಟ್ಟೆ ನೋವು’ ಎಂದು ಬರೆದು ತರುತ್ತಿದ್ದಳು. ಒಮ್ಮೆ ನಾನೇ ಆ ತರಗತಿಗೆ ಆರೋಗ್ಯದ ಪಾಠ ಮಾಡುತ್ತ ದಿನಕ್ಕೆ ಸಾಕಷ್ಟು ನೀರು ಕುಡಿಯಬೇಕು ಎಂದು ಹೇಳಿದೆ. ಅವಳು ತಲೆ ತಗ್ಗಿಸಿ ಅದನ್ನು ನೋಟುಬುಕ್ಕಿನಲ್ಲಿ ನೀಟಾಗಿ ಬರೆದುಕೊಂಡಳು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಹೀಗೇ ಆದರೆ ಮುಂದಿನ ವರ್ಷ ಮಗಳನ್ನು ಹೈಸ್ಕೂಲಿಗೆ ಕಳಿಸದೆ ಹೊಲದ ಕೆಲಸಕ್ಕೆ ಹಾಕುವುದಾಗಿ ಅವಳ ತಾಯಿ ಆಗಲೇ ಹೇಳಿಬಿಟ್ಟಿದ್ದಳು. ಅಲ್ಲಿ ಹೆಂಗಸರೆಲ್ಲ ಗುಂಪಾಗಿ ಇರುತ್ತಾರೆ, ಮರೆ ಇರುತ್ತದೆ ಎನ್ನುವುದು ಅವಳ ವಾದ. ಆ ವಾದದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ನಾವು ಮೂವರು ಶಿಕ್ಷಕಿಯರು ಏನು ಮಾಡುತ್ತಿದ್ದೆವು ಎಂದು ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಶಾಲೆಯ ಎದುರಿಗೇ ಊರ ಗೌಡರ ಮನೆ. ವಿರಾಮದ ಗಂಟೆ ಹೊಡೆದ ಕೂಡಲೇ ನಾವು ಅಲ್ಲಿಗೆ ಹೋಗುತ್ತಿದ್ದೆವು. ಒಳ್ಳೆಯ ಟೈಲ್ಸ್ ಹಾಕಿದ ಬಚ್ಚಲು, ಬಕೆಟ್ ತುಂಬ ನೀರು, ಹೊರಗೆ ಬಂದರೆ ಗೌಡರ ಮನೆಯವರು ಕೊಡುವ ಚಹಾ. ನಮ್ಮ ಮರ್ಯಾದೆಗೇನೂ ಕುಂದು ಇರಲಿಲ್ಲ.

ಗೌಡರು ಕೆಟ್ಟವರಲ್ಲ. ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅವರೂ ಅದೇ ಶಾಲೆಯಲ್ಲಿ ಕಲಿತವರು. ಶಾಲೆಯ ಮುಂದಿನ ಕಮಾನು ಅವರೇ ಕಟ್ಟಿಸಿದ್ದು. ಶಾಲೆಯ ಸಮಿತಿಗೆ ಎಷ್ಟೋ ವರ್ಷಗಳಿಂದ ಅವರೇ ಅಧ್ಯಕ್ಷರು. ಸಮಿತಿಯಲ್ಲಿ ಇರಬೇಕಾದವರು ಅಲ್ಲಿ ಓದುವ ಮಕ್ಕಳ ತಂದೆ, ತಾಯಿ ಇಲ್ಲವೇ ಪೋಷಕರು ಮಾತ್ರ. ಗೌಡರ ಮೊಮ್ಮಗಳು, ಊರಿನ ಉಳ್ಳವರೆಲ್ಲರ ಮಕ್ಕಳ ಹಾಗೆ, ಹಳದಿ ವ್ಯಾನಿನಲ್ಲಿ ಕುಳಿತು ತಾಲ್ಲೂಕಿನ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದಳು. ನಮ್ಮಲ್ಲಿ ಉಳಿದವರು ಕೇರಿಯ ಮಕ್ಕಳು, ಗಾದಿ ಹೊಲಿಯುವ ಮುಸ್ಲಿಂ ಮನೆಗಳ ಮಕ್ಕಳು, ಕೂಲಿಗೆ ಹೋಗುವ ಲಿಂಗಾಯತರ ಮಕ್ಕಳು. ಆದರೂ ಅಧ್ಯಕ್ಷರ ಕುರ್ಚಿಯಲ್ಲಿ ಗೌಡರೇ ಕೂರಬೇಕು ಎನ್ನುವುದು ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲ, ನನಗೂ ಕಂಡಿರಲಿಲ್ಲ.

ಗಡಿಬಿಡಿ ಶುರುವಾದದ್ದು ಒಂದು ಹೊಸ ಫಾರ್ಮಿನಿಂದ. ಅಧ್ಯಕ್ಷರ ಮಗು ಯಾವ ತರಗತಿಯಲ್ಲಿ ಓದುತ್ತಿದೆ ಎಂದು ಅದರಲ್ಲಿ ತುಂಬಬೇಕಿತ್ತು. ನಾನು ಪೆನ್ನು ಹಿಡಿದು ಗೌಡರನ್ನೇ ಕೇಳಿದೆ.

“ಮಗು ಯಾಕ್ರಿ, ನಾನ ಓದೀನಲ್ಲ ಇಲ್ಲೆ. ಏಳನೇತ್ತ ಅಂತ ಬರೀರಿ,” ಎಂದು ಹೊಟ್ಟೆ ಕುಣಿಸಿ ನಕ್ಕರು.

ನಾನು ಹಾಗೆ ಬರೆಯಲಾಗದೆ ಖಾಲಿ ಬಿಟ್ಟೆ. ಫಾರ್ಮು ತಿರುಗಿ ಬಂತು, ಜೊತೆಗೆ ಹೊಸ ಸಮಿತಿ ರಚಿಸಿ ಎಂಬ ಸೂಚನೆಯೂ ಬಂತು. ಪಾಲಕರ ಸಭೆ ಕರೆದೆ. ಗೌಡರು ಇರದ ಕುರ್ಚಿ ಯಾರಿಗೂ ಬೇಕಾಗಿರಲಿಲ್ಲ. ಕೊನೆಗೆ ಬಂದವರೆಲ್ಲ ಸೇರಿ ಆ ಏಳನೇ ತರಗತಿ ಹುಡುಗಿಯ ತಾಯಿಯನ್ನೇ ಮುಂದೆ ನೂಕಿದರು. ಅವಳು ಕಳೆ ತೆಗೆಯುವ ಹೆಂಗಸರ ಗುಂಪಿನ ಮುಂದಾಳು. ತಿರ್ಲಾಪುರದ ಕಡೆಯ ಹತ್ತಿ ಹೊಲದವರು ರಾತ್ರಿ ಅವಳಿಗೆ ಫೋನು ಮಾಡಿದರೆ ಬೆಳಿಗ್ಗೆ ಆಟೋ ತುಂಬ ಹೆಂಗಸರು ಹೊಲದಲ್ಲಿ ಇಳಿಯುತ್ತಿದ್ದರು. ಸಹಿ ಮಾಡಲು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಓದು ಇರಲಿಲ್ಲ.

ಆಗಸ್ಟ್ ಹದಿನೈದಕ್ಕೆ ಧ್ವಜ ಹಾರಿಸಿದವಳು ಅವಳೇ. ಇಳಕಲ್ ಸೀರೆ ಉಟ್ಟು, ಮಗಳಿಂದ ಮೂರು ಸಲ ಹೇಳಿಸಿಕೊಂಡು ಬಂದು, ಹಗ್ಗ ಎಳೆದಳು. ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಗೌಡರಿಗೆ ಅವತ್ತೇ ಮೊಣಕಾಲು ನೋವು ಬಂದಿತ್ತು. ಎದುರಿನ ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ನೋಡಿದರು. ಉಳಿದ ಹಿರಿಯರೂ ಒಬ್ಬೊಬ್ಬರಾಗಿ ಅವರ ಪಕ್ಕಕ್ಕೇ ಹೋಗಿ ಕುಳಿತರು. ಆ ಕಟ್ಟೆ ಅಷ್ಟು ತುಂಬಿದ್ದನ್ನು ನಾನು ಮತ್ತೆ ನೋಡಿಲ್ಲ.

ಸಮಿತಿಯ ಮೊದಲ ಸಭೆಯಲ್ಲಿ ಕಮಾನಿಗೆ ಬಣ್ಣ ಹಚ್ಚುವ ವಿಷಯ ಬಂತು, ದೊಡ್ಡ ಟಿವಿ ತರಿಸುವ ವಿಷಯ ಬಂತು. ಎಲ್ಲರೂ ಮಾತಾಡಿ ದಣಿದ ಮೇಲೆ ಅವಳು ಹೇಳಿದ್ದು ಒಂದೇ ಮಾತು.

“ಬಾಗಲಾ ಹಚ್ಚಸ್ರಿ.”

ಠರಾವು ಬರೆದೆ. ಅವಳು ಸಹಿ ಮಾಡಿದಳು. ಠರಾವಿನ ಪ್ರತಿ ಪಂಚಾಯಿತಿಗೆ ಹೋಯಿತು, ಇಲಾಖೆಗೆ ಹೋಯಿತು, ನನ್ನ ದಪ್ಪ ಫೈಲಿಗೂ ಹೋಯಿತು. ಬಾಗಿಲು ಬರಲಿಲ್ಲ. ಅವಳು ಹೊಲದ ಕೆಲಸ ಬಿಟ್ಟು ಎರಡು ಸಲ ಪಂಚಾಯಿತಿಗೆ ಹೋಗಿ ಬಂದಳು. ಎರಡೂ ಸಲ ಅವಳನ್ನು ಹೊರಗೇ ನಿಲ್ಲಿಸಿ, ಅಕ್ಕೋರನ್ನು ಕಳಿಸು ಎಂದು ಹೇಳಿ ಕಳಿಸಿದರು. ನಾನು ಹೋದರೆ, ಅಧ್ಯಕ್ಷರು ಬರಬೇಕಲ್ಲ ಮೇಡಂ ಎಂದರು. ನಾನು ಅಲ್ಲೇ ಕೂಗಾಡಿ ಬಂದೆ. ಕೂಗಾಡಿದ್ದಕ್ಕೆ ಒಂದು ಕಪ್ ಚಹಾ ಸಿಕ್ಕಿತು.

ಒಂದು ಸೋಮವಾರ ಗೌಡರು ಮೊಮ್ಮಗಳ ಕೈ ಹಿಡಿದುಕೊಂಡು ಬಂದು ಮೇಜಿನ ಮೇಲೆ ಅವಳ ವರ್ಗಾವಣೆ ಪತ್ರ ಇಟ್ಟರು. ಐದನೇ ತರಗತಿ.

“ಕನ್ನಡ ಸಾಲಿ ಉಳೀಬೇಕಲ್ರಿ ಅಕ್ಕೋರ? ನಾವ ಕಳಸಲಿಲ್ಲ ಅಂದ್ರ ಹೆಂಗ? ಪೋಷಕರು ಅನ್ನೂ ಜಾಗಾದಾಗ ನನ್ನ ಹೆಸರ ಬರೀರಿ.”

ನನಗೆ ಸಂತೋಷವಾಯಿತು. ದಡ್ಡಿ ನಾನು. ಬಿಸಿಯೂಟದ ಅಡುಗೆಯಾಕೆ ಮಧ್ಯಾಹ್ನ ಬಂದು ನನ್ನ ಸಂತೋಷ ಇಳಿಸಿದಳು. ಗೌಡರು ಮತ್ತೆ ಸಮಿತಿಗೆ ಬರಬೇಕಂತೆ. ಸಮಿತಿ ಬದಲಾಗುವ ತನಕ ಹುಡುಗಿ ಇಲ್ಲಿ, ಬದಲಾದ ಮರುದಿನ ಮತ್ತೆ ಹಳದಿ ವ್ಯಾನಿನಲ್ಲಿ. ವ್ಯಾನಿನಲ್ಲಿ ಅವಳ ಜಾಗ ಹಾಗೇ ಹಿಡಿದಿಟ್ಟಿದ್ದಾರೆ. ಒಬ್ಬ ಹೆಣ್ಣುಮಗಳನ್ನು ಕುರ್ಚಿಯಿಂದ ಇಳಿಸಲು ಒಂದು ಮಗುವಿನ ಶಾಲೆಯನ್ನೇ ಬದಲಿಸುವವರಿಗೆ ಏನು ಹೇಳುವುದು? ತಲೆ ಚಚ್ಚಿಕೊಳ್ಳುವಂತಾಯಿತು.

ಆ ಮಗುವಿಗೆ ಇದೊಂದೂ ಗೊತ್ತಿರಲಿಲ್ಲ. ಬಣ್ಣದ ನೀರಿನ ಬಾಟಲಿ ತಂದಿದ್ದಳು. ಪಾಪ, ಎಲ್ಲ ಕಡೆ ಕುಡಿಯುವ ಹಾಗೆ ಕುಡಿದಳು. ವಿರಾಮದಲ್ಲಿ ಶೌಚಾಲಯ ಎಲ್ಲಿ ಎಂದು ಕೇಳಿದಳು, ನೋಡಿದಳು, ಚೀರಿ ಎದುರಿನ ಮನೆಗೆ ಓಡಿದಳು. ಎರಡನೇ ದಿನ ಎದುರಿನ ಮನೆ ತಲುಪುವುದರೊಳಗೆ ಬಟ್ಟೆ ಒದ್ದೆಯಾಯಿತು. ಅವತ್ತು ಗೌಡರ ಮನೆಯೊಳಗೆ ಹೆಂಗಸರ ಧ್ವನಿ ಏರಿದ್ದು ನಮ್ಮ ತರಗತಿಗಳಿಗೂ ಕೇಳಿಸಿತು.

ಮೂರನೇ ದಿನ ಮಧ್ಯಾಹ್ನ ಟ್ರ್ಯಾಕ್ಟರ್ ಬಂತು. ಅದರಲ್ಲಿ ಕಬ್ಬಿಣದ ಚೌಕಟ್ಟು, ಕಬ್ಬಿಣದ ಬಾಗಿಲು, ಒಂದು ಕಪ್ಪು ನೀರಿನ ಟಾಕಿ, ಇಬ್ಬರು ಕೆಲಸಗಾರರು. ಸಂಜೆ ಗಂಟೆ ಹೊಡೆಯುವ ಹೊತ್ತಿಗೆ ಬಾಗಿಲು ನಿಂತಿತ್ತು, ನಲ್ಲಿಯಲ್ಲಿ ನೀರು ಬರುತ್ತಿತ್ತು. ಮೂರು ದಿನ! ಏಳು ವರ್ಷದ ನನ್ನ ಫೈಲನ್ನು ಒಲೆಗೆ ಹಾಕಬೇಕೆನ್ನಿಸಿತು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು, ನನಗೆ ಮೈ ಉರಿಯುತ್ತಿತ್ತು. ಎಲ್ಲವೂ ಇತ್ತಲ್ಲ? ಕಬ್ಬಿಣ ಇತ್ತು, ಟ್ರ್ಯಾಕ್ಟರ್ ಇತ್ತು, ನೀರಿನ ಪೈಪು ಹತ್ತು ಮಾರು ದೂರದಲ್ಲೇ ಇತ್ತು. ಇಷ್ಟು ವರ್ಷ ಇಲ್ಲದ್ದು ಯಾವುದು ಎಂದು ಕೇಳಿಕೊಂಡರೆ ಉತ್ತರ ಬಣ್ಣದ ಬಾಟಲಿ ಹಿಡಿದು ನನ್ನೆದುರೇ ನಿಂತಿತ್ತು.

ಬಾಗಿಲಿನ ಮೇಲೆ ಯಾರ ಹೆಸರೂ ಇರಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಅದಕ್ಕೊಂದು ದಪ್ಪ ಬೀಗ ಇತ್ತು. ಕೀಲಿಕೈ ಗೌಡರ ಮೊಮ್ಮಗಳ ಕಂಪಾಸ್ ಪೆಟ್ಟಿಗೆಯಲ್ಲಿ. ಅಜ್ಜಿ ಹೇಳಿ ಕಳಿಸಿದ್ದರಂತೆ, ನೀನು ಹೋಗು, ಬೇಕಾದರೆ ನಮ್ಮವರ ಹುಡುಗಿಯರನ್ನು ಬಿಡು, ಕೇರಿಯವರಿಗೆ ಕೊಡಬೇಡ.

ನಾನು ಬೀಗ ತೆಗೆಸಿ, ಕೈಯಲ್ಲಿ ಹಿಡಿದುಕೊಂಡು ರಸ್ತೆ ದಾಟಿದೆ. ಗೌಡರು ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದರು. ಪೇಪರಿನ ಮೇಲೇ ಇಟ್ಟೆ.

“ಬಾಗಲಾ ಸಾಲ್ಯಾಗ, ಕೀಲಿಕೈ ನಿಮ್ಮ ಮನ್ಯಾಗ. ಇದೆಂಥಾ ನ್ಯಾಯರಿ ಗೌಡ್ರ?”

“ಸ್ವಚ್ಛ ಇರ್ಲಿ ಅಂತ ಹಾಕ್ಸೀವಿ, ಅಷ್ಟರಿ. ಅವರಿಗೆ ಗೊತ್ತಾಗಂಗಿಲ್ಲ.”

“ಬಾಗಲಾ ಇದ್ದಿದ್ರ ಗೊತ್ತಾಗ್ತಿತ್ತರಿ.”

ಒಳಗಿನಿಂದ ಚಹಾ ಬರಲಿಲ್ಲ. ಅಷ್ಟು ಮಾತಾಡಿ ಬಂದ ಮೇಲೆ ಆ ಮನೆಯ ಬಚ್ಚಲಿಗೆ ಹೋಗುವ ಮುಖ ನನಗೂ ಇರಲಿಲ್ಲ. ಅವತ್ತು ವಿರಾಮದಲ್ಲಿ, ಏಳು ವರ್ಷದಲ್ಲಿ ಮೊದಲ ಸಲ, ನಾನು ಶಾಲೆಯ ಶೌಚಾಲಯಕ್ಕೇ ಹೋದೆ. ಒಳಗೆ ಹೋದ ಮೇಲೆ ಗೊತ್ತಾಯಿತು, ಬಾಗಿಲಿಗೆ ಒಳಚಿಲಕ ಇಲ್ಲ. ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡು ಕೂರಬೇಕು. ಮರುದಿನ ಹುಬ್ಬಳ್ಳಿಯಿಂದ ಚಿಲಕ ತಂದು ಹಾಕಿಸಿದೆ. ನಾನೇ ಮಾಡಿಸಿದೆನೆಂದು ಎರಡು ದಿನ ಹೆಮ್ಮೆಯಿಂದಲೂ ಓಡಾಡಿದೆ. ಅಷ್ಟು ಬೇಗ ಅದನ್ನು ಯಾಕೆ ತಂದೆ ಎಂದು ಯೋಚಿಸಲಿಲ್ಲ.

ಗೌಡರ ಕಡೆಯವರು ಪಟ್ಟು ಹಿಡಿದ ಮೇಲೆ ಸಮಿತಿ ಬದಲಿಸುವ ಸಭೆ ಆ ತಿಂಗಳ ಕೊನೆಗೆ ಸೇರಿತು. ಅಷ್ಟರೊಳಗೆ ನಾನು ಕೈಕಟ್ಟಿ ಕೂತಿರಲಿಲ್ಲ. ಕೇರಿಗೆ ಹೋಗಿದ್ದೆ, ಗಾದಿ ಹೊಲಿಯುವವರ ಓಣಿಗೆ ಹೋಗಿದ್ದೆ. ನಿಮ್ಮ ಮಾತು ನಡೆಯುತ್ತದೆ, ಹೆದರಬೇಡಿ, ಆ ತಾಯಿಯನ್ನೇ ಅಧ್ಯಕ್ಷೆಯಾಗಿ ಉಳಿಸಿಕೊಳ್ಳಿ ಎಂದು ಹೇಳಿದ್ದೆ. ಮುಖ್ಯೋಪಾಧ್ಯಾಯಿನಿ ಹಾಗೆ ಮನೆ ಮನೆ ತಿರುಗಬಾರದು. ತಿರುಗಿದೆ. ಎಲ್ಲರೂ ಹೂಂ ಎಂದಿದ್ದರು.

ಸಭೆಯಲ್ಲಿ ಗೌಡರ ಕಡೆಯವರೊಬ್ಬರು ಎದ್ದು, ಗೌಡರೂ ಈಗ ಪೋಷಕರು, ಅವರೇ ಅಧ್ಯಕ್ಷರಾಗಲಿ ಎಂದರು. ಸೇರಿದವರೆಲ್ಲ ನೆಲ ನೋಡತೊಡಗಿದರು. ಅರ್ಧಕ್ಕೂ ಹೆಚ್ಚು ಜನ ಅವರ ಹೊಲಕ್ಕೇ ಕೂಲಿಗೆ ಹೋಗುವವರು. ನಾನು ಬಾಯಿ ತೆರೆಯುವುದರೊಳಗೆ ಅವಳೇ ಎದ್ದು ನಿಂತಳು.

“ಆಗ್ಲಿರಿ. ಗೌಡ್ರ ಅಧ್ಯಕ್ಷರಾಗ್ಲಿ. ನಾ ಇಳೀತೀನಿ. ಆದ್ರ ಒಂದ್ ಮಾತು ಪುಸ್ತಕದಾಗ ಬರೀರಿ ಅಕ್ಕೋರ. ಗೌಡ್ರ ಮೊಮ್ಮಗಳು ಏಳನೇತ್ತ ಮುಗಿಯೂ ತನಕ ಇದ ಸಾಲ್ಯಾಗ ಕಲೀಬೇಕು. ಆಕಿ ಬಿಟ್ಟ ದಿನ ಅವರೂ ಇಳೀಬೇಕು. ಕಾನೂನೂ ಹಂಗ ಐತಂತಲ್ಲ, ನೀವ ಓದಿ ಹೇಳೀರಿ.”

ಗೌಡರು ಅತ್ತಿತ್ತ ನೋಡಿದರು. ಅಷ್ಟು ಜನರೆದುರು ಒಲ್ಲೆ ಎಂದರೆ ಕನ್ನಡ ಶಾಲೆ ಉಳಿಸುವ ಮಾತು ಏನಾಗಬೇಕು? ಹೂಂ ಎಂದರು. ನಾನು ಬರೆದೆ. ಇಬ್ಬರೂ ಸಹಿ ಮಾಡಿದರು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಮೊಮ್ಮಗಳು ಮೂರು ವರ್ಷವೂ ಅಲ್ಲೇ ಕಲಿತಳು. ಗಣಿತದ ಶಿಕ್ಷಕರ ಜಾಗ ಖಾಲಿ ಇತ್ತು. ಗೌಡರು ಎರಡು ಸಲ ಧಾರವಾಡಕ್ಕೆ ಹೋಗಿ ಬಂದ ಮೇಲೆ ತುಂಬಿತು. ಅವಳ ಜೊತೆಗೆ ಇನ್ನೂ ನಾಲ್ಕು ಮನೆಯ ಮಕ್ಕಳು ಹಳದಿ ವ್ಯಾನು ಬಿಟ್ಟು ಬಂದರು. ಕೇರಿಯ ಹುಡುಗಿಯ ಹೊಟ್ಟೆ ನೋವಿನ ಚೀಟಿಗಳು ನಿಂತವು. ಅವಳು ಈಗ ಪುಕ್ಕಟೆ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಎಲ್ಲ ಒಳ್ಳೆಯದೇ ಆಯಿತು. ಆದರೂ ನನಗೆ ಸಿಟ್ಟು ಹೋಗಿಲ್ಲ. ಬಡವರ ಮಕ್ಕಳಿಗೆ ಬಾಗಿಲು ಸಿಗಲು ಉಳ್ಳವರ ಮಗುವೊಂದು ಒದ್ದೆಯಾಗಬೇಕು ಎನ್ನುವುದಾದರೆ ಅದನ್ನು ಒಳ್ಳೆಯದು ಎಂದು ಒಪ್ಪಿಕೊಳ್ಳುವುದು ಹೇಗೆ?

ಸಭೆಯ ಆ ದಿನವಂತೂ ನನ್ನ ಸಿಟ್ಟೆಲ್ಲ ಆ ತಾಯಿಯ ಮೇಲಿತ್ತು. ಸಭೆ ಮುಗಿದು ಎಲ್ಲರೂ ಹೋದ ಮೇಲೆ ಅವಳು ಆಫೀಸಿಗೆ ಬಂದಳು. ನಾನು ಹರಿಹಾಯ್ದೆ.

“ಏನವಾ ಇದು? ನಿನ್ನ ಸಲುವಾಗಿ ನಾ ಊರೆಲ್ಲಾ ತಿರುಗೀನಿ, ಎಷ್ಟ ಮಂದಿ ಕೂಡ ಜಗಳಾ ಮಾಡೀನಿ. ನೀ ನೋಡಿದ್ರ ಖುರ್ಚಿ ಎತ್ತಿ ಅವರ ಕೈಯಾಗ ಕೊಟ್ಟಿ.”

“ಖುರ್ಚಿ ಇಟ್ಕೊಂಡು ನಾ ಏನ್ ಮಾಡ್ಲಿರಿ? ಅದರ ಮ್ಯಾಲ ಕುಂತು ಕೇಳಿದ್ರೂ ಬಾಗಲಾ ಬರಲಿಲ್ಲ. ಆ ಕೂಸು ಎರಡ ದಿನಾ ಬಂತು, ಮೂರನೇ ದಿನಕ್ಕ ಬಾಗಲಾ ಬಂತು. ನನಗ ಖುರ್ಚಿ ಬ್ಯಾಡ್ರಿ, ಆ ಕೂಸು ಇಲ್ಲೇ ಇರ್ಲಿ. ಆಕಿಗಿ ಏನ್ ಸಿಗತೈತಿ ಅದ ನನ್ನ ಮಗಳಿಗೂ, ಆಕಿ ಹಿಂದ ಬರೂ ಕೇರಿ ಹುಡುಗ್ಯಾರಿಗೂ ಸಿಗತೈತಿ.”

“ಹಂಗಾದ್ರ ನಾ ಏಳು ವರ್ಷ ಬರದದ್ದು ಎಲ್ಲಾ ದಂಡ ಅಂದಂಗಾತು.”

“ದಂಡ ಅಂತ ಯಾಕ ಅನ್ಲಿರಿ. ನೀವು ಬರದ್ರಿ, ಸುಳ್ಳಲ್ಲ. ಆದ್ರ ನಿಮಗ ಗೌಡ್ರ ಮನಿ ಇತ್ತಲ್ರಿ.” ಬಾಗಿಲ ಹತ್ತಿರ ಹೋಗಿ, ಚಪ್ಪಲಿ ಮೆಟ್ಟಿಕೊಳ್ಳುತ್ತ, ಏನೋ ನೆನಪಾದವಳಂತೆ ಕೇಳಿದಳು. ಅದರಲ್ಲಿ ಕೊಂಕು ಇರಲಿಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದು. “ಅಕ್ಕೋರ, ನಿಮ್ಮ ಮಕ್ಳು ಯಾವ ಸಾಲ್ಯಾಗ ಕಲೀತಾರ್ರಿ?”

ಐದೂವರೆ ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ನಾನು ಚೀಲ ಎತ್ತಿಕೊಂಡೆ. ಬಸ್ಸು ಬರಲು ಇನ್ನೂ ಮುಕ್ಕಾಲು ಗಂಟೆ ಇತ್ತು.